ಸಾಲು ಎಲ್ಲಿ ಮುರೀಬೇಕು?

ಇವತ್ತಿನ ಕಂತಿನ ವಿಷಯ ಕಿವಿಗಿಂತ ಹೆಚ್ಚಾಗಿ ಕಣ್ಣಿಗೆ ಸೇರಿದ್ದು. ಕಾರು ಓಡಿಸ್ತಾ ಕೇಳ್ತಿರೋರು ಗಾಬರಿಯಾಗಬೇಡಿ, ಅಕ್ಷರಗಳನ್ನು ಬಿಡಿಸಿ ಬಿಡಿಸಿಯೇ ಹೇಳ್ತೀವಿ. ಈ ಬರಹರೂಪವನ್ನು ಓದುತ್ತಿರುವವರು ಮಾತ್ರ ಒಂದು ಕ್ಷಣ ನಿಮ್ಮ ಸ್ಕ್ರೀನಿನ ಬಲ ಅಂಚನ್ನು ನೋಡಿ. ಪ್ರತಿ ಸಾಲೂ ಎಲ್ಲೋ ಒಂದು ಕಡೆ ನಿಂತು, ಉಳಿದ ಮಾತು ಕೆಳಗಿನ ಸಾಲಿಗೆ ಇಳಿದಿದೆ. ಅಲ್ಲೇ ನಿಲ್ಲಿಸು ಅಂತ ನಾವು ಹೇಳಿಲ್ಲ. ನಾವು ಟೈಪ್ ಮಾಡಿದಾಗ ಇಡೀ ಪ್ಯಾರಾ ಒಂದೇ ಉದ್ದನೆಯ ಎಳೆ. ಅದನ್ನು ನಿಮ್ಮ ಫೋನಿನ ಅಗಲ ನೋಡಿ ಮುರಿದದ್ದು ಫೋನಿನೊಳಗಿನ ತಂತ್ರಾಂಶ. ಇದೇ ಪ್ಯಾರಾವನ್ನು ಊರಿನಲ್ಲಿರುವ ನಿಮ್ಮ ಅಮ್ಮ ಅಕ್ಷರ ದೊಡ್ಡದು ಮಾಡಿಕೊಂಡು ಓದಿದರೆ ಸಾಲುಗಳು ಬೇರೆಯೇ ಜಾಗದಲ್ಲಿ ಮುರಿಯುತ್ತವೆ.

ಎಲ್ಲಿ ಮುರಿದರೇನು, ಓದಕ್ಕೆ ಬಂದ್ರೆ ಸಾಕಲ್ವಾ ಅಂತ ಅನ್ನಿಸಬಹುದು. ನಾವಿರುವ ಜರ್ಮನಿಯಲ್ಲಿ ಹಾಗನ್ನುವವರು ಕಡಿಮೆ. ಇಲ್ಲಿನ ಭಾಷೆ ಪದಕ್ಕೆ ಪದ ಅಂಟಿಸಿ ರೈಲಿನ ಬೋಗಿಗಳ ಹಾಗೆ ಉದ್ದ ಮಾಡುತ್ತದೆ. ಹೂಕುಂಡಕ್ಕೆ ಹಾಕುವ ಮಣ್ಣಿಗೆ ಇಲ್ಲಿ 'ಬ್ಲೂಮೆನ್‌ಟೊಪ್ಫೆರ್ಡೆ' ಅಂತಾರೆ. ಬ್ಲೂಮೆನ್ ಅಂದ್ರೆ ಹೂಗಳು, ಟೊಪ್ಫ್ ಅಂದ್ರೆ ಕುಂಡ, ಎರ್ಡೆ ಅಂದ್ರೆ ಮಣ್ಣು. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಇದನ್ನು ಮುರಿಯಬೇಕಾದರೆ ಟೊಪ್ಫ್ ಆದ ಮೇಲೆ ಮುರಿಯಬೇಕು. ಎರಡು ಅಕ್ಷರ ಹಿಂದೆ ಮುರಿದರೆ ಕೆಳಗಿನ ಸಾಲಿನಲ್ಲಿ 'ಪ್ಫೆರ್ಡೆ' ಉಳಿಯುತ್ತದೆ. ಪ್ಫೆರ್ಡೆ ಅಂದ್ರೆ ಕುದುರೆಗಳು! ಮಣ್ಣು ತರೋಕೆ ಹೋದವರು ಕುದುರೆ ತಂದ ಹಾಗೆ. ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಹಳೇ ತಮಾಷೆ ಇದು.

ಸಕ್ಕರೆಗೆ ಇಲ್ಲಿ 'ತ್ಸುಕರ್' ಅಂತಾರೆ. ಅದರ ನಡುವೆ ಸಿ ಮತ್ತು ಕೆ ಎಂಬ ಎರಡು ಅಕ್ಷರ ಒಟ್ಟಿಗೆ ಬರುತ್ತವೆ. 1996ರ ಕಾಗುಣಿತ ಸುಧಾರಣೆಗೆ ಮೊದಲು, ಈ ಪದವನ್ನು ಸಾಲಿನ ಕೊನೆಯಲ್ಲಿ ಮುರಿದರೆ ಸಿ ಹೋಗಿ ಎರಡೂ ಕೆ ಆಗುತ್ತಿದ್ದವು. ಅಂದರೆ ಸಾಲು ಮುರಿದರೆ ಕಾಗುಣಿತವೇ ಬದಲು! ಈಗ ಆ ಜೋಡಿಯನ್ನು ಬೇರೆ ಮಾಡದೆ ಒಟ್ಟಾಗಿ ಕೆಳಗಿನ ಸಾಲಿಗೆ ಕಳಿಸುತ್ತಾರೆ. ತ್ಸುಕರ್ ಮತ್ತು ನಮ್ಮ ಸಕ್ಕರೆ ಎರಡೂ ಒಂದೇ 'ಶರ್ಕರಾ'ದಿಂದ ಹೊರಟು ಬೇರೆ ಬೇರೆ ದಾರಿ ಹಿಡಿದ ಪದಗಳು. ಮುರಿಯುವ ಕಷ್ಟವೂ ಎರಡಕ್ಕೂ ಒಂದೇ ಥರ. ನಮ್ಮ ಬಾಯಿ 'ಸಕ್' ಅಂತ ತಡೆದು 'ಕರೆ' ಅನ್ನುತ್ತದೆ. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನದು ಗುರು ಅಂತ ಕಲಿತದ್ದು ಇದಕ್ಕೇ. ಆದರೆ ಬರಹದಲ್ಲಿ 'ಕ್ಕ' ಒಂದೇ ಗಟ್ಟಿ. ಅದನ್ನು ಒಡೆಯುವ ಹಾಗಿಲ್ಲ. ಮುರಿದರೆ 'ಸ' ಆದ ಮೇಲೆ, ಇಲ್ಲವೇ 'ಕ್ಕ' ಆದ ಮೇಲೆ. ಬಾಯಿ ಮುರಿಯುವ ಜಾಗ ಬೇರೆ, ಕೈ ಮುರಿಯುವ ಜಾಗ ಬೇರೆ. ಈ ಮಾತು ನೆನಪಿರಲಿ, ಕನ್ನಡಕ್ಕೆ ಬಂದಾಗ ಬೇಕಾಗುತ್ತೆ.

ಮೊದಲು ಸುಲಭದ ಲೆಕ್ಕ ಮಾಡೋಣ. ಪದದೊಳಗೆ ಕೈ ಹಾಕುವುದೇ ಬೇಡ, ಪದಗಳ ನಡುವೆ ಖಾಲಿ ಜಾಗ ಇರುವಲ್ಲಿ ಮಾತ್ರ ಮುರಿಯೋಣ ಅಂದುಕೊಳ್ಳಿ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಉಪಮೆ ತಾನಾಗಿಯೇ ಸಿಗುತ್ತದೆ, ಯಾಕಂದ್ರೆ ನಾವು ಬರಹದ ಸಾಲಿಗೂ ಪಂಕ್ತಿ ಅಂತೀವಿ, ಊಟದ ಸಾಲಿಗೂ ಪಂಕ್ತಿ ಅಂತೀವಿ. ಮದುವೆ ಮನೆ. ಒಂದು ಪಂಕ್ತಿಗೆ 10 ಎಲೆ. ಬಾಗಿಲಲ್ಲಿ ಕುಟುಂಬಗಳು ಸಾಲಾಗಿ ನಿಂತಿವೆ: ಮೊದಲು 6 ಜನರ ಮನೆಯವರು, ಆಮೇಲೆ 4 ಜನ, ಆಮೇಲೆ 3 ಜನ, ಆಮೇಲೆ 9 ಜನ, ಅವರ ಹಿಂದೆ ಇನ್ನೂ ಯಾರ್ಯಾರೋ. ಷರತ್ತು ಎರಡೇ. ಸರದಿ ತಪ್ಪಿಸಬಾರದು, ಒಂದೇ ಮನೆಯವರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಬಾರದು.

ಅವಸರದಲ್ಲಿರುವ ಬಡಿಸುವವರು ಏನು ಮಾಡ್ತಾರೆ? ಹಿಡಿಸಿದಷ್ಟು ಜನರನ್ನು ಕೂರಿಸಿ, ಮುಂದಿನ ಪಂಕ್ತಿಗೆ ಹೋಗ್ತಾರೆ. ಆರು ಮತ್ತು ನಾಲ್ಕು ಹತ್ತು, ಮೊದಲ ಪಂಕ್ತಿ ಭರ್ತಿ. ಎರಡನೆಯದರಲ್ಲಿ ಮೂರು ಜನ ಕೂತರು, ಮುಂದಿನ ಒಂಬತ್ತು ಜನ ಹಿಡಿಸಲ್ಲ, ಹಾಗಾಗಿ ಏಳು ಎಲೆ ಖಾಲಿ. ಮೂರನೆಯದರಲ್ಲಿ ಒಂಬತ್ತು ಜನ, ಒಂದು ಎಲೆ ಖಾಲಿ. ಒಂದು ಪಂಕ್ತಿ ತುಂಬಿ ತುಳುಕುತ್ತಿದೆ, ಪಕ್ಕದಲ್ಲಿ ಮೂರೇ ಜನ ಬಿಕೋ ಅಂತ ಕೂತಿದ್ದಾರೆ.

ಮನೆಯ ಹಿರಿಯರು ಯಾರಾದರೂ ಬಾಗಿಲಿನ ಸಾಲನ್ನೊಮ್ಮೆ ಕೊನೆವರೆಗೂ ನೋಡಿದ್ದರೆ ಹೀಗೆ ಮಾಡುತ್ತಿದ್ದರು: ಮೊದಲ ಪಂಕ್ತಿಯಲ್ಲಿ ಆರು ಜನ ಮಾತ್ರ, ಎರಡನೆಯದರಲ್ಲಿ ನಾಲ್ಕು ಮತ್ತು ಮೂರು ಸೇರಿ ಏಳು, ಮೂರನೆಯದರಲ್ಲಿ ಒಂಬತ್ತು. ಖಾಲಿ ಎಲೆಗಳು ನಾಲ್ಕು, ಮೂರು, ಒಂದು. ಒಟ್ಟು ಎಂಟು. ತಮಾಷೆ ನೋಡಿ, ಅವಸರದವರ ಲೆಕ್ಕದಲ್ಲೂ ಒಟ್ಟು ಖಾಲಿ ಎಲೆ ಎಂಟೇ. ಒಟ್ಟು ಮೊತ್ತ ನೋಡಿದರೆ ಎರಡೂ ಸಮ, ಕಣ್ಣಿಗೆ ಮಾತ್ರ ಅಲ್ಲ. ಹಾಗಾಗಿ ಖಾಲಿ ಎಲೆಗಳ ವರ್ಗ ತೆಗೆದು ಕೂಡಬೇಕು: ಅವಸರದ್ದು 0, 49, 1, ಒಟ್ಟು 50. ಹಿರಿಯರದ್ದು 16, 9, 1, ಒಟ್ಟು 26. ದೊಡ್ಡ ಖಾಲಿ ಜಾಗಕ್ಕೆ ಹೆಚ್ಚು ದಂಡ ಹಾಕಿದ್ದರಿಂದ ಕಣ್ಣು ಹೇಳಿದ್ದನ್ನೇ ಲೆಕ್ಕವೂ ಹೇಳಿತು.

ಕಣ್ಣಿಗೆ ಯಾಕೆ ಇದು ಅಷ್ಟು ಮುಖ್ಯ? ನಮ್ಮ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿಯುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಬಳಗದಲ್ಲಿ 1870ರ ದಶಕದ ಕೊನೆಗೇ ಇದನ್ನು ಗಮನಿಸಿದ್ದರು. ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿಯಷ್ಟು ಸಣ್ಣ ಜಾಗ ಮಾತ್ರ. ಅದನ್ನು ಒಂದು ಕಡೆ ಸುಮಾರು ಕಾಲು ಸೆಕೆಂಡ್ ಊರಿ, ಮತ್ತೆ ಮುಂದಕ್ಕೆ ಹಾರಿಸುತ್ತೇವೆ. ಸಾಲಿನ ಕೊನೆಗೆ ಬಂದಾಗ ಮಾತ್ರ ಒಂದು ದೊಡ್ಡ ಹಾರು, ಬಲತುದಿಯಿಂದ ಕೆಳಗಿನ ಸಾಲಿನ ಎಡತುದಿಗೆ. ಈ ಹಾರು ಎಷ್ಟೋ ಸಲ ಸ್ವಲ್ಪ ಗಿಡ್ಡವಾಗಿ ಬೀಳುತ್ತದೆ, ಆಗ ಕಣ್ಣು ಇನ್ನೊಂದು ಸಣ್ಣ ಜಿಗಿತದಲ್ಲಿ ಸರಿಮಾಡಿಕೊಳ್ಳುತ್ತದೆ. ಸಾಲು ತೀರಾ ಅಗಲವಾದರೆ ಹಾರು ಉದ್ದವಾಗಿ, ಓದಿದ ಸಾಲಿಗೇ ಮತ್ತೆ ಬಂದು ಬೀಳುವ ಅಪಾಯ. ತೀರಾ ಕಿರಿದಾದರೆ ಪದಗಳ ನಡುವೆ ಹಳ್ಳಗಳು. ಪತ್ರಿಕೆಯ ಕಿರಿದಾದ ಕಾಲಂನಲ್ಲಿ ಎರಡೂ ಅಂಚು ಸಮ ಮಾಡಲು ಹೋಗಿ ಎರಡೇ ಪದಗಳನ್ನು ಆ ತುದಿ ಈ ತುದಿಗೆ ಎಳೆದು ನಿಲ್ಲಿಸಿರುತ್ತಾರಲ್ಲ, ಅದು. ಉದ್ದನೆಯ ಪದಗಳ ಕನ್ನಡದಲ್ಲಿ ಈ ಹಳ್ಳಗಳು ಇನ್ನೂ ಹೆಚ್ಚು.

ಸರಿ, ಹಿರಿಯರ ಹಾಗೆ ಮುಂದಾಲೋಚನೆಯಿಂದ ಮುರಿಯಬೇಕು ಅಂದ್ರೆ ಎಲ್ಲಾ ಸಾಧ್ಯತೆಗಳನ್ನೂ ನೋಡಬೇಕಾ? ನೂರು ಪದಗಳ ಒಂದು ಪ್ಯಾರಾದಲ್ಲಿ 99 ಸಂದುಗಳು. ಪ್ರತಿ ಸಂದಿನಲ್ಲೂ ಮುರಿಯಬಹುದು, ಮುರಿಯದೇ ಇರಬಹುದು. ಅಂದರೆ ಎರಡನ್ನು 99 ಸಲ ಗುಣಿಸಿದಷ್ಟು ವಿಧ. 6 ಬರೆದು ಮುಂದೆ 29 ಸೊನ್ನೆ ಹಾಕಿದರೆ ಹತ್ತಿರ ಹತ್ತಿರ ಬರುವ ಸಂಖ್ಯೆ. ಯಾವ ಕಂಪ್ಯೂಟರಿಗೂ ಇದು ಆಗದ ಮಾತು.

ಆದರೆ ಬಾಗಿಲಲ್ಲಿ ನಿಂತು ಪ್ರತಿ ಕುಟುಂಬ ಬಂದಾಗಲೂ ಒಂದೇ ಪ್ರಶ್ನೆ ಕೇಳಿ: 'ಇವರೇ ಪಂಕ್ತಿಯ ಕೊನೆಯವರು ಅಂತಾದರೆ, ಇಲ್ಲಿವರೆಗಿನ ಅತಿ ಕಡಿಮೆ ದಂಡ ಎಷ್ಟು?' ಆರು ಜನರ ಮನೆಯವರು ಕೊನೆ ಅಂದರೆ 16. ನಾಲ್ಕು ಜನ ಕೊನೆ ಅಂದರೆ ಸೊನ್ನೆ. ಮೂರು ಜನ ಕೊನೆ ಅಂದರೆ ಎರಡು ದಾರಿ: ಅವರನ್ನು ಒಂಟಿಯಾಗಿ ಕೂರಿಸಿದರೆ 49, ನಾಲ್ಕು ಜನರ ಜೊತೆ ಕೂರಿಸಿದರೆ 16 ಮತ್ತು 9 ಸೇರಿ 25. ಇಪ್ಪತ್ತೈದನ್ನು ಬರೆದಿಟ್ಟುಕೊಳ್ಳಿ, ನಲವತ್ತೊಂಬತ್ತನ್ನು ಮರೆತುಬಿಡಿ. ಮುಂದೆ ಸಾವಿರ ಜನ ಬಂದರೂ ಆ ನಲವತ್ತೊಂಬತ್ತರ ದಾರಿ ಗೆಲ್ಲುವುದಿಲ್ಲ, ಯಾಕಂದ್ರೆ ಮುಂದಿನವರಿಗೆ ಹಿಂದಿನ ಪಂಕ್ತಿ ಎಲ್ಲಿ ಮುಗಿಯಿತು ಅನ್ನೋದಷ್ಟೇ ಮುಖ್ಯ, ಹೇಗೆ ಮುಗಿಯಿತು ಅನ್ನೋದಲ್ಲ. ಹೀಗೆ ಒಂದೊಂದು ಸಂದಿಗೂ ಒಂದೇ ಒಂದು ಉತ್ತರ ಇಟ್ಟುಕೊಂಡು ನಡೆದರೆ ನೂರು ಪದಗಳ ಪ್ಯಾರಾ ಕ್ಷಣದಲ್ಲಿ ಮುಗಿಯುತ್ತದೆ.

ಈ ಉಪಾಯಕ್ಕೆ 'ಡೈನಮಿಕ್ ಪ್ರೋಗ್ರಾಮಿಂಗ್' ಅಂತ ಹೆಸರು. 1950ರ ದಶಕದಲ್ಲಿ ಅಮೆರಿಕದ ರಿಚರ್ಡ್ ಬೆಲ್‌ಮನ್ ಕೊಟ್ಟದ್ದು. ಹೆಸರಿನಲ್ಲಿ ಡೈನಮಿಕ್ಕೂ ಇಲ್ಲ, ಈಗ ನಾವು ಹೇಳುವ ಅರ್ಥದ ಪ್ರೋಗ್ರಾಮಿಂಗೂ ಇಲ್ಲ. ಸಂಶೋಧನೆ ಅನ್ನೋ ಪದ ಕೇಳಿದರೇ ಸಿಡುಕುತ್ತಿದ್ದ ರಕ್ಷಣಾ ಕಾರ್ಯದರ್ಶಿಯ ಕಣ್ಣು ತಪ್ಪಿಸಲು, ಯಾರೂ ಆಕ್ಷೇಪಿಸಲಾಗದ ಹೆಸರನ್ನು ಹುಡುಕಿ ಇಟ್ಟೆ ಅಂತ ಬೆಲ್‌ಮನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸಂಶೋಧನೆಗೆ ಅನುದಾನ ಕೇಳಿ ಅರ್ಜಿ ಬರೆದವರಿಗೆಲ್ಲ ಈ ಕಥೆ ಅರ್ಥವಾಗುತ್ತೆ ಬಿಡಿ.

ಬರಹದ ಸಾಲುಗಳಿಗೆ ಈ ಉಪಾಯವನ್ನು ಸೊಗಸಾಗಿ ತಂದವರು ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್ ಮತ್ತು ಅವರ ವಿದ್ಯಾರ್ಥಿ ಮೈಕಲ್ ಪ್ಲಾಸ್. 1977ರಲ್ಲಿ ಕ್ನೂತ್ ತಮ್ಮ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಇಷ್ಟು ಕೆಟ್ಟದಾಗಿ ಅಚ್ಚಾಗುವುದಾದರೆ ನಾನೇ ಅಕ್ಷರ ಜೋಡಿಸುವ ತಂತ್ರಾಂಶ ಬರೀತೀನಿ ಅಂತ ಕೂತರು. ಅದೇ ಟೆಕ್. ವಿಜ್ಞಾನದ ಪ್ರಬಂಧ ಬರೆಯುವವರಲ್ಲಿ ಎಷ್ಟೋ ಜನ ಅದರ ಮರಿಮಕ್ಕಳನ್ನೇ ಇವತ್ತಿಗೂ ಬಳಸುತ್ತಾರೆ. 1981ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧದಲ್ಲಿ ದಂಡದ ಲೆಕ್ಕ ವರ್ಗದಲ್ಲಿ ನಿಲ್ಲುವುದಿಲ್ಲ. ಪದಗಳ ನಡುವಿನ ಜಾಗವನ್ನು ಎಷ್ಟು ಹಿಗ್ಗಿಸಬೇಕಾಯಿತು ಅನ್ನೋದರ ಘನವನ್ನು ತೆಗೆದುಕೊಳ್ಳುತ್ತಾರೆ. ಜೊತೆಗೆ ಪದ ಒಡೆದರೆ ದಂಡ, ಅಕ್ಕಪಕ್ಕದ ಎರಡು ಸಾಲಿನಲ್ಲೂ ಪದ ಒಡೆದರೆ ಇನ್ನಷ್ಟು ದಂಡ, ಒಂದು ಸಾಲು ಬಿಗಿ ಇದ್ದು ಮುಂದಿನದು ಸಡಿಲವಾದರೆ ಅದಕ್ಕೂ ದಂಡ. ಬ್ರೌಸರುಗಳು ಮಾತ್ರ ಬಹಳ ಕಾಲ ಅವಸರದ ಬಡಿಸುವವರಾಗಿಯೇ ಉಳಿದವು. ಕ್ರೋಮ್‌ನಲ್ಲಿ ಸಾಲುಗಳನ್ನು ಸ್ವಲ್ಪ ಮುಂದೆ ನೋಡಿ ಮುರಿಯುವ ಆಯ್ಕೆ ಬಂದದ್ದು 2023ರಲ್ಲಿ. ತಡವಾದದ್ದಕ್ಕೆ ಕಾರಣಗಳಿವೆ. ಪುಟ ಇನ್ನೂ ಇಳಿಯುತ್ತಿರುವಾಗಲೇ ತೋರಿಸಬೇಕು, ಫೋನು ತಿರುಗಿಸಿದ ಕೂಡಲೇ ಎಲ್ಲಾ ಹೊಸದಾಗಿ ಮುರಿಯಬೇಕು. ಆದರೂ ನಲವತ್ತೆರಡು ವರ್ಷ ಸ್ವಲ್ಪ ಜಾಸ್ತಿಯೇ ಆಯ್ತು ಅನ್ನೋದು ನಮ್ಮ ಅಭಿಪ್ರಾಯ.

ಜೀವವಿಜ್ಞಾನಿಗಳಾದ ನಾವು ಇದನ್ನೆಲ್ಲ ಯಾಕೆ ಹೇಳ್ತಿದ್ದೀವಿ? ಇದೇ ಉಪಾಯ ನಮ್ಮ ದಿನನಿತ್ಯದ ಅನ್ನ. ಎರಡು ಪ್ರೋಟೀನುಗಳ ಅಥವಾ ಡಿಎನ್ಎ ತುಣುಕುಗಳ ಅಕ್ಷರಮಾಲೆಯನ್ನು ಒಂದರ ಕೆಳಗೊಂದು ಇಟ್ಟು ಹೊಂದಿಸಬೇಕು, ಅಲ್ಲಲ್ಲಿ ಖಾಲಿ ಬಿಡಬೇಕು, ಖಾಲಿ ಬಿಟ್ಟದ್ದಕ್ಕೆ ದಂಡ ಕಟ್ಟಬೇಕು. ಸಾಲ್ ನೀಡ್ಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಶ್ 1970ರಲ್ಲಿ ಇದಕ್ಕೆ ಕೊಟ್ಟ ಪರಿಹಾರ, ಬಾಗಿಲಲ್ಲಿ ನಿಂತು ಕೇಳಿದ ಅದೇ ಪ್ರಶ್ನೆ: 'ಇಲ್ಲಿವರೆಗೆ ಬರಲು ಅತಿ ಅಗ್ಗದ ದಾರಿ ಯಾವುದು?' ಇಲಿಯ ವಂಶವಾಹಿಯನ್ನು ಮನುಷ್ಯನದರ ಜೊತೆ ಹೋಲಿಸುವುದಕ್ಕೂ ಪ್ಯಾರಾವನ್ನು ಅಂದವಾಗಿ ಮುರಿಯುವುದಕ್ಕೂ ಒಂದೇ ಕೀಲಿ.

ಅಷ್ಟೇ ಅಲ್ಲ, ಸಾಲು ಮುರಿಯುವುದರಿಂದ ನಮ್ಮ ಕ್ಷೇತ್ರದಲ್ಲಿ ನಿಜವಾದ ತೊಂದರೆಯೂ ಇದೆ. ಡಿಎನ್ಎ ಅಕ್ಷರಮಾಲೆಯನ್ನು ಕಂಪ್ಯೂಟರಿನಲ್ಲಿ ಇಡಲು ನಾವು ಹೆಚ್ಚಾಗಿ ಬಳಸುವುದು ಫಾಸ್ಟಾ ಎಂಬ ಸರಳ ಪಠ್ಯದ ಮಾದರಿ, 1980ರ ದಶಕದ್ದು. ಮೊದಲ ಸಾಲಿನಲ್ಲಿ ಹೆಸರು, ಆಮೇಲೆ ಎ, ಸಿ, ಜಿ, ಟಿ ಅಕ್ಷರಗಳು. ಒಂದು ಸಾಲಿಗೆ 60, 70 ಅಥವಾ 80 ಅಕ್ಷರ ಹಾಕಿ ಮುರಿಯುವುದು ರೂಢಿ. ಯಾಕೆ 80? ಆಗಿನ ಕಂಪ್ಯೂಟರ್ ಪರದೆಯ ಅಗಲ ಅಷ್ಟು. ಪರದೆ ಯಾಕೆ ಅಷ್ಟು? 1928ರಲ್ಲಿ ಐಬಿಎಂ ತಂದ ತೂತಿನ ಕಾರ್ಡಿನಲ್ಲಿ 80 ಕಾಲಂ ಇದ್ದವು. ಹೀಗೆ, ರಟ್ಟಿನ ಒಂದು ತುಂಡಿನ ಅಗಲ ಇವತ್ತು ನಮ್ಮ ವರ್ಣತಂತುಗಳ ಮೇಲೆ ಕೂತಿದೆ. ಮನುಷ್ಯನ ಒಂದನೇ ವರ್ಣತಂತುವಿನಲ್ಲಿ ಸುಮಾರು 24.9 ಕೋಟಿ ಅಕ್ಷರಗಳಿವೆ. ಸಾಲಿಗೆ 60ರಂತೆ ಮುರಿದರೆ 41 ಲಕ್ಷಕ್ಕೂ ಹೆಚ್ಚು ಸಾಲು. ಜೀವಕೋಶದೊಳಗೆ ಇಂಥ ಒಂದೇ ಒಂದು ಮುರಿತವೂ ಇಲ್ಲ.

ಈಗ ಒಬ್ಬ ಹೊಸ ವಿದ್ಯಾರ್ಥಿನಿ 'ಜಿಎಎಟಿಟಿಸಿ' ಅನ್ನೋ ಆರು ಅಕ್ಷರ ಎಲ್ಲೆಲ್ಲಿವೆ ಅಂತ ಹುಡುಕಬೇಕು. ಇಕೋ-ಆರ್-ಒನ್ ಎಂಬ ಕಿಣ್ವ ಡಿಎನ್ಎಯನ್ನು ಕತ್ತರಿಸುವ ಜಾಗ ಅದು. ಸಾಲು ಸಾಲಾಗಿ ಹುಡುಕುವ ಸಾಮಾನ್ಯ ತಂತ್ರಾಂಶಕ್ಕೆ ಹೇಳಿದರೆ, ಒಂದು ಸಾಲು 'ಜಿಎಎ' ಅಂತ ಮುಗಿದು ಮುಂದಿನದು 'ಟಿಟಿಸಿ' ಅಂತ ಶುರುವಾದ ಕಡೆ ಅದಕ್ಕೆ ಏನೂ ಕಾಣುವುದಿಲ್ಲ. ಕಿಣ್ವಕ್ಕೆ ಕಾಣುತ್ತದೆ, ತಂತ್ರಾಂಶಕ್ಕೆ ಕಾಣುವುದಿಲ್ಲ! 60 ಅಕ್ಷರದ ಸಾಲಿನಲ್ಲಿ ಆರಕ್ಷರದ ಮಾತು ಶುರುವಾಗಬಹುದಾದ 60 ಜಾಗಗಳಲ್ಲಿ 5 ಜಾಗ ಅಂಚಿನ ಮೇಲೆ ಬೀಳುತ್ತವೆ, ಅಂದರೆ ನೂರಕ್ಕೆ ಎಂಟು ತಪ್ಪಿಹೋಗಬಹುದು. ಕ್ರಿಸ್ಪರ್ ತಂತ್ರದಲ್ಲಿ ಗುರಿ ತೋರಿಸುವ ತುಣುಕು ಸಾಮಾನ್ಯವಾಗಿ 20 ಅಕ್ಷರದ್ದು. ಅದಕ್ಕೆ ಇದೇ ಲೆಕ್ಕ ಹಾಕಿದರೆ 60ರಲ್ಲಿ 19, ಹತ್ತಿರ ಹತ್ತಿರ ಮೂರರಲ್ಲಿ ಒಂದು. ಬೇಡದ ಜಾಗದಲ್ಲಿ ವಂಶವಾಹಿ ಕತ್ತರಿಸಿಹೋಗುತ್ತದಾ ಅಂತ ನೋಡುವಾಗ ಮೂರರಲ್ಲಿ ಒಂದನ್ನು ಬಿಡುವುದು ಅಂದರೆ ಸಣ್ಣ ವಿಷಯವಲ್ಲ. ಇದಕ್ಕೆಂದೇ ಮಾಡಿದ ತಂತ್ರಾಂಶಗಳು ಮೊದಲು ಎಲ್ಲಾ ಸಾಲುಗಳನ್ನು ಕೂಡಿಸಿ, ಮತ್ತೆ ಒಂದೇ ಎಳೆ ಮಾಡಿಕೊಂಡೇ ಹುಡುಕುತ್ತವೆ. ಹೊಸಬರಿಗೆ ನಾವು ಮೊದಲ ವಾರವೇ ಹೇಳುವ ಮಾತು ಇದು: ಮುರಿತ ಕಾಗದದ್ದು, ವಸ್ತುವಿನದ್ದಲ್ಲ.

ಕನ್ನಡಕ್ಕೆ ಬರೋಣ. ಕಲ್ಲಿನ ಮೇಲೆ ಬರೆಯುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನೂ ಸೇರಿಸಿ, ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುಗಿಯಿತು, ಪದದ ನಡುವೆಯಾದರೂ ಸರಿ. ತಾಳೆಗರಿಯಲ್ಲೂ ಹಾಗೇ, ಜೊತೆಗೆ ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟು ಬರೆಯಬೇಕಿತ್ತು. ಓದುವವರು ಜೋರಾಗಿ ಓದುತ್ತಾ ಬಾಯಲ್ಲೇ ಪದ ಬಿಡಿಸಿಕೊಳ್ಳುತ್ತಿದ್ದರು. ಆಗ ಮುರಿಯಲು ಬೇಕಿದ್ದ ತಿಳಿವಳಿಕೆ ಒಂದೇ: ಅಕ್ಷರ ಎಲ್ಲಿ ಮುಗಿಯುತ್ತದೆ ಅನ್ನೋದು. ಕಂಪ್ಯೂಟರಿಗೆ ಕಷ್ಟವಾದದ್ದೂ ಅದೇ.

ಯಾಕಂದ್ರೆ ಕಂಪ್ಯೂಟರ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ. 'ತೆಗೆದುಕೊಳ್ಳಬೇಕಾಗುತ್ತದೆ' ಅನ್ನೋ ಪದ ತೊಗೊಳ್ಳಿ. ನಾವು ಎಣಿಸಿದರೆ ಹತ್ತು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ವ್ಯಂಜನ ಒಂದು, ಸ್ವರಚಿಹ್ನೆ ಒಂದು, ಒತ್ತು ಕೊಡುವ ಹಲಂತ ಚಿಹ್ನೆ ಒಂದು, ಹೀಗೆ ಒಟ್ಟು 22. ಇನ್ನು ಅಗಲ ಅಳೆಯಲು ಇಪ್ಪತ್ತೆರಡನ್ನೂ ಕೂಡಿದರೆ ತಪ್ಪಾಗುತ್ತದೆ, ಯಾಕಂದ್ರೆ ಒತ್ತಕ್ಷರ ಕೆಳಗೆ ಹೋಗಿ ಕೂರುತ್ತದೆ. ಮೊದಲು ಅಕ್ಷರರೂಪಗಳನ್ನು ಜೋಡಿಸಿ ಆಮೇಲೆ ಅಳೆಯಬೇಕು. ಇಂಗ್ಲಿಷಿನಂತೆ ಅಳೆದು ಜೋಡಿಸಲು ಬರುವುದಿಲ್ಲ.

'ಕರ್ನಾಟಕ'ವನ್ನೇ ನೋಡಿ. ನಮಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಈ 'ರ್ನಾ' ವಿಚಿತ್ರವಾದದ್ದು. ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಅರ್ಕಾವತ್ತಾಗಿ 'ನಾ' ಆದ ಮೇಲೆ ಬಂದು ಕೂರುತ್ತದೆ. ಇದು ಒಂದೇ ಗಟ್ಟಿ ಅಂತ ಗೊತ್ತಿಲ್ಲದ ತಂತ್ರಾಂಶವೊಂದು, ಕಿರಿದಾದ ಗುಂಡಿಯೊಳಗೆ ಪದ ಹಿಡಿಸದೆ ಎಲ್ಲಾದರೂ ಮುರಿ ಅಂತ ಹೊರಟರೆ ಮೇಲಿನ ಸಾಲಿನಲ್ಲಿ 'ಕರ್', ಕೆಳಗಿನ ಸಾಲಿನಲ್ಲಿ 'ನಾಟಕ'. ಜರ್ಮನ್ನರ ಕುದುರೆಗೆ ನಮ್ಮ ಉತ್ತರ! ಇದು ಬರೀ ಕಲ್ಪನೆಯಲ್ಲ. ಯಾವ ಯಾವ ಚಿಹ್ನೆಗಳನ್ನು ಸೇರಿಸಿ ಒಂದು ಅಕ್ಷರ ಅಂತ ತಿಳಿಯಬೇಕು ಅನ್ನೋದಕ್ಕೆ ಯುನಿಕೋಡ್‌ನಲ್ಲೇ ನಿಯಮಗಳಿವೆ. ಹಲಂತದಾಚೆಗೂ ಒತ್ತಕ್ಷರವನ್ನು ಒಡೆಯಬಾರದು ಅನ್ನೋ ನಿಯಮ 2023ರ 15.1ನೇ ಆವೃತ್ತಿಯಲ್ಲಿ ಸೇರಿತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲಿಪಿಯ ಅಣ್ಣತಮ್ಮನಂತಿರುವ ತೆಲುಗಿಗೆ ಒಂದು ಲೆಕ್ಕ, ನಮಗೆ ಇನ್ನೊಂದು. ಇಂಥ ಮಾನಕಗಳ ಕರಡು ಸಾರ್ವಜನಿಕರ ಮುಂದೆ ಬರುತ್ತದೆ, ಅಭಿಪ್ರಾಯ ಕೇಳುತ್ತಾರೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾವರೆಗೆ ತಂತ್ರಾಂಶದಲ್ಲಿ ದುಡಿಯುವ ಕನ್ನಡಿಗರು ಇಷ್ಟೊಂದು ಜನ ಇದ್ದೀವಿ, ಅದನ್ನು ಓದಿ ನಾಲ್ಕು ಸಾಲು ಬರೆಯೋದು ದೊಡ್ಡ ಕೆಲಸವೇನಲ್ಲ.

ಒಳ್ಳೆಯ ಕೆಲಸ ಮಾಡಿದವರೂ ಇದ್ದಾರೆ. ಪದ ಎಲ್ಲಿ ಒಡೆಯಬಹುದು ಅಂತ ಹೇಳುವ ನಿಯಮಾವಳಿಯನ್ನು ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ಬರೆದು ಮುಕ್ತವಾಗಿ ಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್. ಟೆಕ್ ತಂತ್ರಾಂಶದ ಕನ್ನಡ ಭಾಗದಲ್ಲಿರುವುದು ಅದೇ. ಅಕ್ಷರದ ಗಟ್ಟಿ ಒಡೆಯದ ಹಾಗೆ ಅದು ನೋಡಿಕೊಳ್ಳುತ್ತದೆ. ಅಲ್ಲಿಗೆ ಆಕಾರದ ಸಮಸ್ಯೆ ಮುಗಿಯಿತು. ಅರ್ಥದ ಸಮಸ್ಯೆ ಹಾಗೇ ಉಳಿದಿದೆ, ಮತ್ತು ನಮಗೆ ನಿಜವಾಗಿ ಚಿಂತೆ ಇರುವುದು ಅದರದ್ದೇ.

ಕನ್ನಡದಲ್ಲಿ ಹೂಂ ಅಥವಾ ಉಹೂಂ ಅನ್ನೋದು ಪದದ ಬಾಲದಲ್ಲಿರುತ್ತದೆ. 'ತೆಗೆದುಕೊಳ್ಳಬೇಕು', 'ತೆಗೆದುಕೊಳ್ಳಬೇಡಿ'. ತೆ, ಗೆ, ದು, ಕೊ, ಳ್ಳ, ಬೇ: ಮೊದಲ ಆರು ಅಕ್ಷರ ಎರಡರಲ್ಲೂ ಒಂದೇ. ವ್ಯತ್ಯಾಸವೆಲ್ಲ ಕೊನೆಯ ಒಂದೇ ಅಕ್ಷರದಲ್ಲಿ, 'ಕು' ಅಥವಾ 'ಡಿ'. ಅಕ್ಷರದ ನಿಯಮ ಮಾತ್ರ ಗೊತ್ತಿರುವ ತಂತ್ರಾಂಶಕ್ಕೆ 'ಬೇ' ಆದ ಮೇಲೆ ಮುರಿಯುವುದು ಪೂರ್ತಿ ಸರಿ. ಸಾಲು ಬರೀ ಮುರಿದರೆ ಪರವಾಗಿಲ್ಲ, ಕಣ್ಣು ಕೆಳಗೆ ಹೋಗಿ ಓದುತ್ತದೆ. ಆದರೆ ಫೋನಿನ ಸೂಚನೆಗಳಲ್ಲಿ, ಗುಂಡಿಗಳ ಮೇಲೆ, ಕಿರಿದಾದ ಪಟ್ಟಿಗಳಲ್ಲಿ ಎರಡನೇ ಸಾಲೇ ಇರುವುದಿಲ್ಲ. ಹಿಡಿಸದಿದ್ದರೆ ಮೂರು ಚುಕ್ಕಿ ಇಟ್ಟು ಕತ್ತರಿಸುತ್ತಾರೆ. 'ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇ…' ಅಂತ ನಿಂತರೆ ಏನರ್ಥ ಮಾಡಿಕೊಳ್ಳಬೇಕು? ಬಾಲ ಕತ್ತರಿಸುವ ಈ ಪದ್ಧತಿ ಹುಟ್ಟಿದ್ದು ಇಂಗ್ಲಿಷಿನಲ್ಲಿ. ಅಲ್ಲಿ ಬೇಡ ಅನ್ನೋ ಮಾತು ಕ್ರಿಯಾಪದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ, ಕೊನೆ ಕತ್ತರಿಸಿದರೂ ಎಚ್ಚರಿಕೆ ಉಳಿಯುತ್ತದೆ. ನಮ್ಮಲ್ಲಿ ಕತ್ತರಿಸಿಹೋಗುವುದೇ ಎಚ್ಚರಿಕೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದು, ಅಕ್ಷರ ದೊಡ್ಡದು ಮಾಡಿಕೊಂಡು ಒಬ್ಬರೇ ಫೋನು ನೋಡಿ ಔಷಧಿ ತೆಗೆದುಕೊಳ್ಳುವ ತಂದೆತಾಯಿ ನಮ್ಮ ಕೇಳುಗರಲ್ಲಿ ಎಷ್ಟೋ ಜನರಿಗೆ ಇದ್ದಾರೆ. ಅಕ್ಷರ ದೊಡ್ಡದಾದಷ್ಟೂ ಕತ್ತರಿ ಬೇಗ ಬೀಳುತ್ತದೆ.

ಹಾಗಾದರೆ ಪದದ ಒಳಗಿನ ಸಂದು ನೋಡಿ, 'ತೆಗೆದುಕೊಳ್ಳ' ಆದ ಮೇಲೆ ಮುರಿದು 'ಬೇಡಿ'ಯನ್ನು ಇಡಿಯಾಗಿ ಇಟ್ಟರಾಯಿತಲ್ಲ? ಇಲ್ಲಿ ಆಗುತ್ತೆ. ಜರ್ಮನ್ನರು ಮಾಡುವುದೂ ಅದನ್ನೇ, ಸಮಾಸದ ಸಂದಿಗೆ ಕಡಿಮೆ ದಂಡ, ಬೇರೆ ಕಡೆ ಹೆಚ್ಚು ದಂಡ. ಆದರೆ 'ಕೊಡುವುದಿಲ್ಲ' ತೊಗೊಳ್ಳಿ. ಕೊಡುವುದು, ಇಲ್ಲ. ಶಾಲೆಯ ಲೋಪಸಂಧಿ. ಉಕಾರ ಬಿದ್ದುಹೋಗಿ ದಕಾರ ಇಕಾರದ ಜೊತೆ ಸೇರಿ 'ದಿ' ಆಯಿತು. ಎರಡು ಪದಗಳ ಗಡಿ ಈಗ ಒಂದೇ ಅಕ್ಷರದ ಹೊಟ್ಟೆಯೊಳಗೆ ಹಾದುಹೋಗಿದೆ. ಅದರ ವ್ಯಂಜನ ಹಿಂದಿನ ಪದದ್ದು, ಸ್ವರ ಮುಂದಿನದ್ದು. ಅರ್ಥ ಮುರಿಯುವ ಜಾಗದಲ್ಲಿ ಲಿಪಿ ಮುರಿಯಲು ಬಿಡುವುದಿಲ್ಲ. ಇದ್ದುದರಲ್ಲಿ ಒಳ್ಳೆಯದು 'ಕೊಡುವು' ಆದ ಮೇಲೆ ಮುರಿದು 'ದಿಲ್ಲ'ವನ್ನು ಒಟ್ಟಿಗೆ ಇಡುವುದು. 'ದಿ' ಆದ ಮೇಲೆ ಮುರಿದು 'ಲ್ಲ'ವನ್ನು ಒಂಟಿ ಮಾಡುವುದಂತೂ ಬೇಡವೇ ಬೇಡ. ಇದನ್ನು ಕ್ನೂತ್ ಮತ್ತು ಪ್ಲಾಸ್ ಅವರ ಚೌಕಟ್ಟಿನಲ್ಲಿ ಹೇಳಲು ಹೊಸ ಗಣಿತ ಬೇಕಿಲ್ಲ. ಕನ್ನಡದ ಪ್ರತ್ಯಯಗಳ ಒಂದು ಪಟ್ಟಿ, ಪ್ರತಿಯೊಂದಕ್ಕೂ ಒಂದೊಂದು ದಂಡ ಸಾಕು. ವ್ಯಾಕರಣ ಬಲ್ಲವರೊಬ್ಬರು, ಪ್ರೋಗ್ರಾಂ ಬರೆಯುವವರೊಬ್ಬರು ಒಂದೇ ಮೇಜಿನ ಮುಂದೆ ಕೂತರೆ ಆಗುವ ಕೆಲಸ.

ಅಲ್ಲಿವರೆಗೆ ಕನ್ನಡದಲ್ಲಿ ಸೂಚನೆ ಬರೆಯುವವರಿಗೆ ಒಂದೆರಡು ಮಾತು. ಎಚ್ಚರಿಕೆಯನ್ನು ಮುಂದಕ್ಕೆ ತನ್ನಿ: 'ಬೇಡ: ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ' ಅಂತ ಬರೆದರೆ ಸ್ವಲ್ಪ ಒರಟಾಗಿ ಕೇಳಬಹುದು, ಆದರೆ ಎಲ್ಲಿ ಕತ್ತರಿಸಿದರೂ ಬೇಡ ಉಳಿಯುತ್ತದೆ. ಅಂಕಿ ಮತ್ತು ಅಳತೆಯ ನಡುವೆ ಮಾಮೂಲಿ ಜಾಗದ ಬದಲು ಮುರಿಯದ ಜಾಗ ಹಾಕಿ. ಯುನಿಕೋಡ್‌ನಲ್ಲಿ ಅದಕ್ಕೆಂದೇ ಬೇರೆ ಚಿಹ್ನೆ ಇದೆ, ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಬರುತ್ತದೆ. '5 ಮಿ.ಗ್ರಾಂ' ಅನ್ನೋದರಲ್ಲಿ 5 ಮೇಲಿನ ಸಾಲಿನ ಕೊನೆಗೆ ಅನಾಥವಾಗಿ ನಿಲ್ಲಬಾರದು. ಇನ್ನು ಕನ್ನಡದ ಜಾಲತಾಣ ಮಾಡುವವರು ಪುಟದ ಭಾಷೆ ಕನ್ನಡ ಅಂತ ಮೊದಲೇ ಘೋಷಿಸಿ. ಭಾಷೆ ಯಾವುದು ಅಂತಲೇ ಗೊತ್ತಿಲ್ಲದಿದ್ದರೆ ಯಾವ ಬ್ರೌಸರೂ ನಿಯಮಾವಳಿ ಹುಡುಕಿಕೊಂಡು ಹೋಗುವುದಿಲ್ಲ.

ನಿಮ್ಮ ಫೋನಿನಲ್ಲಿ ಎಲ್ಲಾದರೂ ಒತ್ತಕ್ಷರ ಒಡೆದುಹೋದದ್ದು, ಬೇಕು ಬೇಡಗಳು ಚುಕ್ಕಿಯಾದದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ನಮಗೆ ಕಳಿಸಿ. ಯಾವ ಆ್ಯಪ್, ಅಕ್ಷರದ ಗಾತ್ರ ಎಷ್ಟಿತ್ತು ಅನ್ನೋದನ್ನೂ ಬರೆಯಿರಿ. ಮುಂದಿನ ಕಂತಿನಲ್ಲಿ ಕಿವಿಯ ವಿಷಯ: ಗದ್ದಲದ ಮದುವೆ ಮನೆಯಲ್ಲೂ ನಮ್ಮ ಹೆಸರು ಕರೆದರೆ ಥಟ್ಟನೆ ಕೇಳಿಸುತ್ತಲ್ಲ, ಅದು ಹೇಗೆ ಅಂತ.